ಕಾಳಿ ಕಣಿವೆಯ ದುಡಿಮೆ ಬರೀ ರಾಫ್ಟಿಂಗ್‌ನಿಂದಲಾ?

ಓದುಗರ ಪ್ರಶ್ನೆ: ದಾಂಡೇಲಿ, ಜೋಯಿಡಾ ಅಂದ್ರೆ ಎಲ್ಲರೂ ರಾಫ್ಟಿಂಗ್, ರೆಸಾರ್ಟ್ ಅಂತಾರೆ. ಕಾಳಿ ನದಿಯ ಆರ್ಥಿಕ ಬಲ ನಿಜಕ್ಕೂ ಪ್ರವಾಸೋದ್ಯಮವೇನಾ? ಅಲ್ಲಿನ ಜನಕ್ಕೆ ಅದರಿಂದ ಏನು ಸಿಗುತ್ತೆ?

ಪ್ರವಾಸೋದ್ಯಮ ಕಣ್ಣಿಗೆ ಜಾಸ್ತಿ ಕಾಣುತ್ತದೆ, ಅಷ್ಟೇ. ಕಾಳಿಯ ದೊಡ್ಡ ಬಲ ಇರುವುದು ಅದರ ಇಳಿಜಾರಿನಲ್ಲಿ. ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟುವ ಈ ನದಿ ಸುಮಾರು 184 ಕಿ.ಮೀ. ಹರಿದು ಕಾರವಾರದ ಸದಾಶಿವಗಡದ ಬಳಿ ಸಮುದ್ರ ಸೇರುತ್ತದೆ. ಇಡೀ ನದಿ ಉತ್ತರ ಕನ್ನಡ ಜಿಲ್ಲೆಯ ಒಳಗೇ ಮುಗಿದುಹೋಗುತ್ತದೆ. ಇಷ್ಟು ಸಣ್ಣ ದಾರಿಯಲ್ಲೇ ಅದು ಘಟ್ಟದ ಮೇಲಿಂದ ಕಡಲ ಮಟ್ಟಕ್ಕೆ ಇಳಿಯಬೇಕು, ಮೇಲಿಂದ ಭರ್ಜರಿ ಮುಂಗಾರು ಬೇರೆ. ವಿದ್ಯುತ್ ತೆಗೆಯುವವರಿಗೆ ಇದಕ್ಕಿಂತ ಒಳ್ಳೆ ನದಿ ಸಿಗುವುದು ಕಷ್ಟ.

ಹಾಗಾಗಿ ಒಂದೇ ನೀರು ಇಲ್ಲಿ ಮತ್ತೆ ಮತ್ತೆ ದುಡಿಯುತ್ತದೆ. ಮೊದಲು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 100 ಮೆಗಾವ್ಯಾಟ್‌ನ ವಿದ್ಯುತ್ ಕೇಂದ್ರ. ಅಲ್ಲಿಂದ ಬಿಟ್ಟ ನೀರನ್ನು ಬೊಮ್ಮನಹಳ್ಳಿಯಲ್ಲಿ ತಡೆದು, ಸುರಂಗದ ಮೂಲಕ ಘಟ್ಟದ ಕೆಳಗಿನ ನಾಗಝರಿಗೆ ಇಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಕೇಂದ್ರ ಅದೇ, 900 ಮೆಗಾವ್ಯಾಟ್‌ನ ಆಸುಪಾಸು. ಆಮೇಲೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಕದ್ರಾದ ಹಿನ್ನೀರಿನ ಪಕ್ಕದಲ್ಲೇ ಕೈಗಾ ಅಣುವಿದ್ಯುತ್ ಸ್ಥಾವರ ಇದೆ, ಅದರ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳನ್ನು ತಂಪಾಗಿಡಲು ಬೇಕಾಗುವುದೂ ಇದೇ ನೀರು. ಕೈಗಾದ ಒಂದನೇ ಘಟಕ 2018ರ ಕೊನೆಗೆ ಸತತ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆದಿತ್ತು.

ಈಗ ರಾಫ್ಟಿಂಗ್ ವಿಷಯಕ್ಕೆ ಬರೋಣ. ಇಲ್ಲೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಪಶ್ಚಿಮಕ್ಕೆ ಹರಿಯುವ ನದಿಗಳು ಬೇಸಿಗೆಯಲ್ಲಿ ಸಾಮಾನ್ಯವಾಗಿ ಬಡವಾಗುತ್ತವೆ, ಆದ್ರೆ ಸೂಪಾ ಅಣೆಕಟ್ಟಿನ ಕೆಳಗಿನ ಗಣೇಶಗುಡಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ತೆಪ್ಪ ಇಳಿಸಬಹುದು. ಯಾಕೆಂದರೆ ಅಲ್ಲಿ ಹರಿಯುವುದು ಸೂಪಾದಲ್ಲಿ ವಿದ್ಯುತ್ ತಯಾರಿಸಿ ಹೊರಬಿಟ್ಟ ನೀರು. ಯಂತ್ರ ತಿರುಗಿದರೆ ನೀರು, ನಿಂತರೆ ಬಂಡೆ. ಅಂದ್ರೆ ಪ್ರವಾಸಿಗರ ವೇಳಾಪಟ್ಟಿಯನ್ನು ಒಂದು ಮಟ್ಟಿಗೆ ಬರೆಯುವುದು ವಿದ್ಯುತ್ತಿನ ಬೇಡಿಕೆ. ರಾಫ್ಟಿಂಗ್‌ಗಂತಲೇ ದೂರದಿಂದ ಬರುವವರು ನೀರು ಬಿಡುವ ಸಮಯವನ್ನು ಮೊದಲೇ ಕೇಳಿಕೊಂಡು ಹೊರಡುವುದು ಒಳ್ಳೆಯದು.

ದಾಂಡೇಲಿ ಪಟ್ಟಣ ಬೆಳೆದದ್ದು ಮಾತ್ರ ಪ್ರವಾಸದಿಂದ ಅಲ್ಲ, ಮರ ಮತ್ತು ಕಾಗದದಿಂದ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇಲ್ಲಿ ನೆಲೆ ಮಾಡಿದ್ದಕ್ಕೆ ನದಿ ನೀರು, ಸುತ್ತಲಿನ ಕಾಡಿನ ಬಿದಿರು ಎರಡೂ ಕಾರಣ. ಸಾವಿರಾರು ಮನೆಗಳು ಆ ಸಂಬಳದಲ್ಲಿ ಬದುಕಿವೆ. ಆದ್ರೆ ಅಷ್ಟೊಂದು ಬಿದಿರು ಕಡಿದು ಜಿಲ್ಲೆಯ ಬಿದಿರು ಮೆಳೆಗಳು ಹೇಗೆ ಸೊರಗಿದವು ಅನ್ನುವುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನ ಮಾಡಿಯೇ ತೋರಿಸಿದರು. ಮರ ಇಲ್ಲಿ ಇಂದಿಗೂ ವ್ಯಾಪಾರವೇ. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಮರದ ದಿಮ್ಮಿಗಳ ರಾಶಿ ಕಾಣುತ್ತದೆ, ಅದೇ ಜಾಗದಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ನೋಡಲು ಕ್ಯಾಮೆರಾ ಹಿಡಿದು ಕಾಯುವವರೂ ಕಾಣುತ್ತಾರೆ. ಈ ಭಾಗದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದಿಮ್ಮಿ ಒಂದು ಸಲ ಮಾರಾಟವಾಗುತ್ತದೆ, ಹಕ್ಕಿ ಪ್ರತಿ ವರ್ಷ ಜನರನ್ನು ಕರೆತರುತ್ತದೆ. ನನ್ನ ಪ್ರಕಾರ ಈ ಕಣಿವೆಯ ಮುಂದಿನ ದುಡ್ಡು ಇರುವುದು ಎರಡನೆಯದರಲ್ಲೇ.

ಚೆಲುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಂಥೇರಿ ಬಂಡೆ, ಕವಳಾ ಗುಹೆ, ಕೊಡಸಳ್ಳಿ ಹಿನ್ನೀರಿಗೆ ಇಳಿಯುವ ಸಾತೊಡ್ಡಿ ಜಲಪಾತ, ಕರಿ ಚಿರತೆಗೆ ಹೆಸರಾದ ಕಾಡು, ಇವೆಲ್ಲ ಗೊತ್ತಿರುವಂಥವೇ. ಹುಲಿ ಸಂರಕ್ಷಿತ ಪ್ರದೇಶಕ್ಕೇ 2015ರಲ್ಲಿ ಕಾಳಿ ಅಂತ ಹೆಸರಿಟ್ಟರು. ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡುವುದು, ಹೂಳು ಅಣೆಕಟ್ಟಿಗೆ ಇಳಿಯದಂತೆ ತಡೆಯುವುದು ಈ ಕಾಡು. ವಿದ್ಯುತ್, ಕಾಗದ, ರಾಫ್ಟಿಂಗ್ ಮೂರಕ್ಕೂ ಬಂಡವಾಳ ಇದೇ. ಅದನ್ನು ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ ಅನ್ನುವುದೇ ಬೇಸರ.

ಇನ್ನು ಊರಿನವರ ಪಾಲು. ಇದು ಪ್ರಶ್ನೆಯ ನಿಜವಾದ ಅರ್ಧ ಅಲ್ವಾ? ಅಣೆಕಟ್ಟುಗಳ ವಿದ್ಯುತ್ ರಾಜ್ಯದ ಗ್ರಿಡ್‌ಗೆ ಹೋಗುತ್ತದೆ. ಮುಳುಗಿದ್ದು ಮಾತ್ರ ಇಲ್ಲಿಯ ಊರುಗಳು: ಹಳೆ ಸೂಪಾ ಪೇಟೆಯೇ ಜಲಾಶಯದ ಅಡಿ ಹೋಯಿತು, ಅಲ್ಲಿದ್ದ ಎಷ್ಟೋ ಕುಟುಂಬಗಳು ಜೋಯಿಡಾ ತಾಲೂಕಿನದೇ ರಾಮನಗರಕ್ಕೆ ಹೋಗಿ ಬದುಕು ಕಟ್ಟಿಕೊಂಡವು. ದೊಡ್ಡ ರೆಸಾರ್ಟ್ ಹೊರಗಿನವರದ್ದಾದರೆ ಊರಿನವರಿಗೆ ಉಳಿಯುವುದು ಕೂಲಿ ಮಾತ್ರ. ಹೋಮ್‌ಸ್ಟೇ ಹಾಗಲ್ಲ. ಬಾಡಿಗೆ ಮನೆಯವರಿಗೇ, ಊಟದ ಅಕ್ಕಿ ಅವರದೇ ಗದ್ದೆಯದು, ಕಾಡು ತೋರಿಸುವ ಹುಡುಗ ಪಕ್ಕದ ಮನೆಯವನು. ಜೋಯಿಡಾದ ಕುಣಬಿ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗಡ್ಡೆ ಗೆಣಸುಗಳದ್ದೂ ಇದೇ ಥರದ ಕಥೆ. ಅದಕ್ಕಂತಲೇ ಅಲ್ಲಿ ಮೇಳ ನಡೆಯುತ್ತದೆ, ಬೆಳೆದವರೇ ನೇರವಾಗಿ ಮಾರುತ್ತಾರೆ. ಹೋಗುವುದಾದರೆ ಆ ಸಮಯ ನೋಡಿಕೊಂಡು ಹೋಗಿ, ಊರಿನವರ ಮನೆಯಲ್ಲೇ ಉಳಿಯಿರಿ.