ಅಪೆಂಡಿಕ್ಸ್ ರಿಪೋರ್ಟ್‌ನಲ್ಲಿ ‘ಲ್ಯಾಮ್ನ್’ ಅಂತ ಬಂದಿದೆ, ಇದು ಕ್ಯಾನ್ಸರಾ?

ಪ್ರಶ್ನೆ: ಹೊಟ್ಟೆನೋವಿಗೆ ಅಪೆಂಡಿಕ್ಸ್ ತೆಗೆದರು. ಬಯಾಪ್ಸಿಯಲ್ಲಿ ‘ಲೋ ಗ್ರೇಡ್ ಅಪೆಂಡಿಸಿಯಲ್ ಮ್ಯೂಸಿನಸ್ ನಿಯೋಪ್ಲಾಸಂ’, ಚಿಕ್ಕದಾಗಿ ‘ಲ್ಯಾಮ್ನ್’ ಎಂದು ಬಂದಿದೆ. ಇದು ಕ್ಯಾನ್ಸರಾ? ಸ್ಕ್ಯಾನ್‌ನಲ್ಲಿ ಯಾಕೆ ಗೊತ್ತಾಗಲಿಲ್ಲ?

ಉತ್ತರ: ನಾವು ಸಾಮಾನ್ಯವಾಗಿ ಕ್ಯಾನ್ಸರ್ ಅಂತೀವಲ್ಲ, ಆ ಥರದ್ದಲ್ಲ. ಹಾಗಂತ ರಿಪೋರ್ಟ್ ಮಡಚಿಟ್ಟು ಮರೆಯುವಂಥದ್ದೂ ಅಲ್ಲ.

ಅಪೆಂಡಿಕ್ಸ್‌ನ ಒಳಪದರ ಸ್ವಲ್ಪ ಲೋಳೆ ಮಾಡುವುದು ಸಹಜ. ಲ್ಯಾಮ್ನ್ ಅಂದರೆ ಲೋಳೆ ಮಾಡುವ ಗಡ್ಡೆ; ಇದರಲ್ಲಿ ಕೋಶಗಳು ಬದಲಾಗಿ ಲೋಳೆ ಜಾಸ್ತಿಯಾಗುತ್ತದೆ, ಅಪೆಂಡಿಕ್ಸ್ ಊದಿಕೊಳ್ಳುತ್ತದೆ. ಈ ಕೋಶಗಳು ಗೋಡೆಯನ್ನು ಕೊರೆಯುವುದಿಲ್ಲ, ತಳ್ಳುತ್ತಾ ಹೋಗುತ್ತವೆ. ಆದರೆ ಗೋಡೆ ತೆಳುವಾಗಿ ಒಡೆದರೆ ಲೋಳೆಯ ಜೊತೆ ಕೋಶಗಳೂ ಹೊರಬಂದು, ಹೊಟ್ಟೆಯೊಳಗೆ ಅಲ್ಲಲ್ಲಿ ಅಂಟಿಕೊಂಡು, ನಿಧಾನಕ್ಕೆ ಜೆಲ್ಲಿಯಂಥ ಲೋಳೆ ತುಂಬಿಕೊಳ್ಳಬಹುದು. ಇದೇ ಸೂಡೋಮಿಕ್ಸೋಮಾ ಪೆರಿಟೋನಿಯೈ. ಹಾಗಾಗಿ ‘ಕ್ಯಾನ್ಸರಾ?’ ಎನ್ನುವುದಕ್ಕಿಂತ ‘ಒಡೆದಿತ್ತಾ?’ ಎಂದು ಕೇಳಿ. ಮುಂದಿನದೆಲ್ಲ ಬಹುತೇಕ ಇದರ ಮೇಲೇ ನಿಂತಿದೆ.

ಸ್ಕ್ಯಾನ್ ಬಗ್ಗೆ ಬೇಸರ ಬೇಡ. ಅಪೆಂಡಿಕ್ಸ್ 15 ಮಿಲಿಮೀಟರ್‌ಗಿಂತ ದಪ್ಪಗಿದ್ದರೆ, ಗೋಡೆಯಲ್ಲಿ ಸುಣ್ಣದ (ಕ್ಯಾಲ್ಸಿಯಂ) ಗೆರೆ ಕಂಡರೆ ಸಿಟಿ ಸ್ಕ್ಯಾನ್‌ನಲ್ಲಿ ಅನುಮಾನ ಬರುತ್ತದೆ. ಇಲ್ಲದಿದ್ದರೆ ಇದೂ ಮಾಮೂಲಿ ಅಪೆಂಡಿಸೈಟಿಸ್ ಥರಾನೇ ಕಾಣುತ್ತದೆ. ತೆಗೆದ ಅಪೆಂಡಿಕ್ಸ್‌ಗಳಲ್ಲಿ ನೂರಕ್ಕೆ ಒಂದರಲ್ಲೂ ಇದು ಸಿಗುವುದಿಲ್ಲ. ಅನುಮಾನ ಬಂದರೂ ಸೂಜಿ ಹಾಕಿ ಪರೀಕ್ಷೆ ಮಾಡುವುದಿಲ್ಲ, ಲೋಳೆ ಸೋರಿಬಿಟ್ಟರೆ ಅದೇ ಅಪಾಯ ಅಲ್ವಾ. ಖಚಿತ ಉತ್ತರ ಮೈಕ್ರೋಸ್ಕೋಪಿನಲ್ಲೇ ಸಿಗಬೇಕು.

ಅದಕ್ಕೇ ಪೆಥಾಲಜಿ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಕೂತು ಕೇಳಿ: ಒಂದೆರಡು ತುಂಡಲ್ಲ, ಇಡೀ ಅಪೆಂಡಿಕ್ಸ್ ಅನ್ನು ಪರೀಕ್ಷೆಗೆ ಹಾಕಿದ್ದಾರಾ? ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿದೆಯಾ? ಹೊರಮೈಯಲ್ಲಿ ಲೋಳೆ ಇತ್ತಾ, ಇದ್ದರೆ ಅದರಲ್ಲಿ ಕೋಶಗಳಿದ್ದವಾ? ಈ ಕೊನೆಯದನ್ನು ಮರೆಯಲೇಬೇಡಿ. ಕೋಶಗಳಿಲ್ಲದ ಲೋಳೆ ಮರಳಿ ಬೆಳೆಯುವ ಸಾಧ್ಯತೆ ಕಡಿಮೆ.

ಒಡೆಯದೆ, ಅಂಚೂ ಶುಚಿಯಾಗಿದ್ದರೆ ಆಗಿರುವ ಆಪರೇಷನ್ನೇ ಸಾಮಾನ್ಯವಾಗಿ ಸಾಕು, ದೊಡ್ಡ ಕರುಳು ಕತ್ತರಿಸಬೇಕಿಲ್ಲ. ಒಂದು ಕೊಲೊನೊಸ್ಕೋಪಿ ಹೇಳಬಹುದು, ಕರುಳಲ್ಲಿ ಬೇರೆ ಗಡ್ಡೆ ಇದೆಯಾ ನೋಡೋಕೆ. ಒಡೆದಿದ್ದರೆ ಕೆಲವು ವರ್ಷ ಸ್ಕ್ಯಾನ್, ಜೊತೆಗೆ ಗಡ್ಡೆಯ ಸುಳಿವು ಕೊಡುವ ಸಿಇಎ, ಸಿಎ 19-9 ರಕ್ತಪರೀಕ್ಷೆ. ಹೊಟ್ಟೆಯಲ್ಲಿ ಹರಡಿದ್ದರೆ, ಅದನ್ನೆಲ್ಲ ತೆಗೆದು ಒಳಗೆ ಬಿಸಿ ಕೀಮೋ ಹಾಯಿಸುವ ದೊಡ್ಡ ಆಪರೇಷನ್ ಇದೆ. ಅದನ್ನು ಮಾಡಿ ಅನುಭವವಿರುವ ತಂಡವನ್ನೇ ಹುಡುಕಿ.

ಇಷ್ಟು ಅಪರೂಪದ ಗಡ್ಡೆಯಲ್ಲಿ ಪೆಥಾಲಜಿಸ್ಟ್‌ಗಳ ಅಭಿಪ್ರಾಯವೂ ಬೇರೆಯಾಗುವುದುಂಟು. ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಅಪೆಂಡಿಕ್ಸ್ ತುಂಡು) ಕೇಳಿ ಪಡೆದು, ಇಂಥ ಕೇಸು ನೋಡಿ ಪಳಗಿದ ಇನ್ನೊಬ್ಬರಿಗೆ ತೋರಿಸಿ. ಇದಕ್ಕೆ ಸಂಕೋಚ ಬೇಡ.