ಕಾರ್ಖಾನೆಯೇ ಇಲ್ಲದ ಅಡಿಕೆ ತೋಟಕ್ಕೆ ಭಾರಲೋಹ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಹಳೇ ಅಡಿಕೆ ತೋಟ, ಜತೆಗೆ ಕಾಳುಮೆಣಸು. ಸುತ್ತಮುತ್ತ ಕಾರ್ಖಾನೆ ಇಲ್ಲ. ಆದರೂ ಅಜ್ಜನ ಕಾಲದಿಂದ ಹೊಡೆಯುತ್ತಿರುವ ಮೈಲುತುತ್ತದಿಂದ (ಕಾಪರ್ ಸಲ್ಫೇಟ್) ಮಣ್ಣಿಗೆ ಭಾರಲೋಹ ಸೇರಿದೆ ಅನ್ನುತ್ತಾರೆ. ನಿಜವೇ? ತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬಿಡಬೇಕೇ?

ಉತ್ತರ: ಸೇರುವುದು ನಿಜ, ಆ ಲೋಹ ತಾಮ್ರ. ಬೋರ್ಡೋ ಬಿಡಬೇಕಿಲ್ಲ, ಬಿಟ್ಟರೆ ಕೊಳೆ ರೋಗ ಬೆಳೆ ಉಳಿಸುವುದಿಲ್ಲ. ಆದರೆ ತಾಮ್ರ ಹೆಚ್ಚು ಬೀಳುತ್ತಿರುವುದು ಎಲ್ಲಿ ಎಂದು ಲೆಕ್ಕ ಹಾಕಿ ನೋಡಬೇಕು. ಅದು ಬಹಳಷ್ಟು ಜನ ಅಂದುಕೊಂಡ ಜಾಗವಲ್ಲ.

ಮೈಲುತುತ್ತದ ಕಾಲು ಭಾಗ ತಾಮ್ರ. ಎಕರೆಗೆ ವರ್ಷಕ್ಕೆ 8 ಕೆಜಿ ತುತ್ತ ಖರ್ಚಾದರೆ 2 ಕೆಜಿ ತಾಮ್ರ ಬಿದ್ದಂತೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 900 ಟನ್. ಅಂದರೆ ಕೆಜಿ ಮಣ್ಣಿಗೆ ವರ್ಷಕ್ಕೆ 2 ಮಿಗ್ರಾಂ ಚಿಲ್ಲರೆ. ತಾಮ್ರ ಕರಗಿ ಕೆಳಗಿಳಿಯುವುದು ಕಡಿಮೆ, ಮೇಲ್ಮಣ್ಣಿನ ಸಾವಯವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 40 ವರ್ಷಕ್ಕೆ 90 ಮಿಗ್ರಾಂ ಆಸುಪಾಸು. ಕೊಳಚೆ ಗೊಬ್ಬರ ಹಾಕುವ ಹೊಲಗಳಿಗೆ ಯುರೋಪಿನಲ್ಲಿ ಇಟ್ಟ ಮಿತಿ ಕೆಜಿ ಮಣ್ಣಿಗೆ 50ರಿಂದ 140 ಮಿಗ್ರಾಂ.

ಈಗ ಮೆಣಸಿನ ಬುಡ ನೋಡಿ. ಸೊರಗು ರೋಗಕ್ಕೆಂದು ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಬಳ್ಳಿಗೆ 5 ಲೀಟರ್ ಹೊಯ್ದರೆ 10 ಗ್ರಾಂ ಪುಡಿ, ಅದರಲ್ಲಿ 5 ಗ್ರಾಂ ತಾಮ್ರ. ಅಷ್ಟೂ ಬೀಳುವುದು ಬುಡದಿಂದ ಸುತ್ತ ಅರ್ಧ ಮೀಟರಿನ ವೃತ್ತಕ್ಕೆ. ಅಲ್ಲಿನ ಮೇಲ್ಮಣ್ಣು 175 ಕೆಜಿಯಷ್ಟು. ಒಂದೇ ಸಲಕ್ಕೆ ಕೆಜಿ ಮಣ್ಣಿಗೆ 28 ಮಿಗ್ರಾಂ ಚಿಲ್ಲರೆ! ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ಸುಮಾರು ಹದಿಮೂರು ವರ್ಷದಲ್ಲಿ ಸೇರಿಸುವುದನ್ನು ಇದು ಒಂದು ಮಳೆಗಾಲದ ಒಂದು ಹೊಯ್ತದಲ್ಲಿ ಸೇರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಔಷಧಿ ಕಲಸಿ ಡ್ರಮ್ ತೊಳೆಯುವ ಜಾಗ.

ಕೈಯಾರೆ ನೋಡುವ ಬಗೆಯೂ ಇದೆ. ಆಷಾಢದಲ್ಲಿ ಬುಡದ ದರಕು (ಉದುರಿದ ಒಣ ಎಲೆ) ಸರಿಸಿ. ಒಳ್ಳೆಯ ಮಣ್ಣಿದ್ದರೆ ಕೆಳಪದರ ಪುಡಿಯಾಗಿ, ಎರೆಹುಳದ ಹಿಕ್ಕೆ ಕಾಣುತ್ತದೆ. ಕಳೆದ ಎರಡು ವರ್ಷದ ಎಲೆ ಚಾಪೆಯಂತೆ ಹಾಗೇ ಏಳುತ್ತಿದ್ದರೆ ಅನುಮಾನ ಪಡಿ. ತಾಮ್ರ ಮೊದಲು ಓಡಿಸುವುದು ಎರೆಹುಳವನ್ನು.

ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರ 'ಸಾಕಷ್ಟು' ಎಂದಿದ್ದರೆ ನೆಮ್ಮದಿ ಪಡಬೇಡಿ. ಅದು ಕೊರತೆ ಹುಡುಕುವ ಪರೀಕ್ಷೆ. ಪ್ರಯೋಗಾಲಯದಲ್ಲಿ 'ಒಟ್ಟು ತಾಮ್ರ' ಎಂದು ಕೇಳಿ, ಜತೆಗೆ ಪಿಹೆಚ್ (ಮಣ್ಣಿನ ಹುಳಿಯ ಅಳತೆ). ದರಕು ಸರಿಸಿ, ಅರ್ಧ ಅಡಿ ಆಳದವರೆಗೆ, 10-15 ಕಡೆಯ ಮಣ್ಣು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ ಅರ್ಧ ಕೆಜಿ ತೆಗೆಯಿರಿ. ಹಿತ್ತಾಳೆ, ತಾಮ್ರದ ಪಾತ್ರೆ ಮುಟ್ಟಿಸಬೇಡಿ. ಅಡಿಕೆ ಸಾಲಿನದು, ಮೆಣಸಿನ ಬುಡದ್ದು, ಡ್ರಮ್ ಜಾಗದ್ದು ಬೇರೆ ಬೇರೆ. ನಾಲ್ಕನೆಯದು, ಔಷಧಿ ಕಾಣದ ಸೊಪ್ಪಿನ ಬೆಟ್ಟದ್ದು (ತೋಟಕ್ಕೆ ಸೊಪ್ಪು ತರುವ ಕಾಡು). ಮಣ್ಣಿನ ಹುಟ್ಟುಗುಣದ ತಾಮ್ರ ಎಷ್ಟೆಂದು ತಿಳಿಯದೆ ಉಳಿದ ಮೂರಕ್ಕೆ ಅರ್ಥವಿಲ್ಲ.

ಹೆಚ್ಚಿದ್ದರೆ? ಸೇರಿದ ಲೋಹ ಕೊಳೆಯುವುದಿಲ್ಲ, ಅದರ ಹಲ್ಲು ಕೀಳಬಹುದು ಅಷ್ಟೆ. ಪಿಹೆಚ್ 5.5ಕ್ಕಿಂತ ಕೆಳಗಿದ್ದರೆ ತಾಮ್ರದ ವಿಷ ಹೆಚ್ಚು, ಆದ್ದರಿಂದ ಸುಣ್ಣ ಕೊಟ್ಟು 6ರ ಮೇಲೆ ತನ್ನಿ. ಕೊಟ್ಟಿಗೆ ಗೊಬ್ಬರ ಹಾಕಿ. ತೋಟಕ್ಕೆ ಹೊಸ ಮಣ್ಣು ಏರಿಸುವ ಹಳೇ ಪದ್ಧತಿ ಇಲ್ಲಿ ಬಹಳ ಉಪಕಾರಿ. ಬುಡಕ್ಕೆ ಹೊಯ್ಯುವುದನ್ನು ರೋಗ ಕಂಡ ಬಳ್ಳಿ ಮತ್ತು ಅದರ ನೆರೆಯವಕ್ಕೆ ಮಾತ್ರ ಇಡಿ. ಉಳಿದವಕ್ಕೆ ಕಾದಿಗೆ (ಬಸಿಗಾಲುವೆ) ಎತ್ತಿ ನೀರು ಬಸಿಯಲಿ, ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ 50 ಗ್ರಾಂ ಗೊಬ್ಬರದ ಜತೆ ಕೊಡಿ. ತಾಮ್ರದ ಔಷಧಿಯೊಟ್ಟಿಗೆ ಕೊಡಬೇಡಿ, ಅದಕ್ಕೆ ಹಾನಿಯಾಗಬಹುದು.

ಬೋರ್ಡೋ 100 ಲೀಟರಿಗೆ ತುತ್ತ 1 ಕೆಜಿ, ಸುಣ್ಣ 1 ಕೆಜಿ. 'ಗಟ್ಟಿ ಇರಲಿ' ಎಂದು ಒಂದೂವರೆ ಹಾಕಿದರೆ ಮಣ್ಣಿಗೂ ಒಂದೂವರೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಉಜ್ಜಿದ ಕತ್ತಿ ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಲು ಆಳು ಸಿಗುವ ಮರಗಳಿಗೆ ಕೊಟ್ಟೆಯೇ ಮೇಲು, ತಾಮ್ರದ ಮಾತೇ ಇಲ್ಲ. ಡ್ರಮ್ ತೊಳೆದ ನೀರು ಹಳ್ಳಕ್ಕೆ ಬಿಟ್ಟರೆ ಮೀನು, ಏಡಿ ಸಾಯುತ್ತವೆ. ಅದನ್ನೇ ಕಡೆಯ ಸಾಲಿನ ಮರಗಳಿಗೆ ಹೊಡೆದು ಮುಗಿಸಿ.