ಕುದುರೆ ಮರಿಯ ಮೊದಲ ಓಟ

ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಓಡಾಡುವವರಿಗೆ ಕಾಂಪೌಂಡಿನ ಆಚೆಗಿನ ಕುದುರೆಗಳು ಹೊಸದಲ್ಲ. ಆ ಕುದುರೆಗಳು ಹುಟ್ಟುವುದು ಮಾತ್ರ ಬೇರೆ ಕಡೆ. ಇಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂ ಇದೆ. ಅಂಥ ಫಾರಂಗಳಲ್ಲಿ ಪಶುವೈದ್ಯರು ಸ್ಕ್ಯಾನಿಂಗ್ ಯಂತ್ರದ ಪರದೆಯಲ್ಲಿ ಒಂದು ವಿಚಿತ್ರ ನೋಡುತ್ತಾರೆ. ಎರಡು ವಾರವೂ ತುಂಬದ ಭ್ರೂಣ ತಾಯಿಯ ಗರ್ಭಕೋಶದಲ್ಲಿ ಮೂಲೆಯಿಂದ ಮೂಲೆಗೆ ತಿರುಗಾಡುತ್ತಿರುತ್ತದೆ. ಸುಮ್ನೆ ಅಲ್ಲ, ತಿರುಗದಿದ್ದರೆ ಅದಕ್ಕೆ ಉಳಿಗಾಲವಿಲ್ಲ.

ಅದಕ್ಕೂ ಮೊದಲಿನ ಕಥೆ ಬೆಳಕಿನದು. ಹೆಣ್ಣು ಕುದುರೆ ಬೆದೆಗೆ ಬರುವುದು ಹಗಲು ಉದ್ದವಾಗುವ ಕಾಲದಲ್ಲಿ. ರಾತ್ರಿ ಚಿಕ್ಕದಾದಂತೆ, ಕತ್ತಲಲ್ಲಿ ಹುಟ್ಟುವ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸುವ ಹೊತ್ತು ಕಡಿಮೆಯಾಗುತ್ತದೆ, ಅಂಡಾಶಯ ಕೆಲಸ ಶುರು ಮಾಡುತ್ತದೆ. ಇಂಗ್ಲೆಂಡಿನಲ್ಲಿ ಇದು ಕಟ್ಟುನಿಟ್ಟು. ಬೆಂಗಳೂರು ಇರುವ 13 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ಸಮಭಾಜಕದ ಹತ್ತಿರ ಬಂದಷ್ಟೂ ಕುದುರೆಗಳಲ್ಲಿ ಈ ಕಟ್ಟು ಸಡಿಲವಾಗುತ್ತದೆ. ಆದರೆ ಭಾರತದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ಒಂದು ವರ್ಷ ತುಂಬಿತೆಂದು ಲೆಕ್ಕ. ಗಬ್ಬದ ಅವಧಿ ಸುಮಾರು 11 ತಿಂಗಳು. ಹಾಗಾಗಿ ವರ್ಷದ ಆರಂಭದಲ್ಲೇ ಮರಿ ಹುಟ್ಟಲಿ ಎಂಬ ಆತುರ ಎಲ್ಲರಿಗೂ.

ಬೆದೆಯ ಚಕ್ರ 21-22 ದಿನದ್ದು. ಅದರಲ್ಲಿ 5ರಿಂದ 7 ದಿನ ಮಾತ್ರ ಬೆದೆ. ಅಂಡಾಶಯದಲ್ಲಿ ಹಲವು ಫಾಲಿಕಲ್‌ಗಳು, ಅಂದರೆ ಮೊಟ್ಟೆ ಹೊತ್ತ ನೀರಿನ ಗುಳ್ಳೆಗಳು, ಒಟ್ಟಿಗೆ ಬೆಳೆಯಲು ಹೊರಡುತ್ತವೆ. 22-23 ಮಿಲಿಮೀಟರ್ ಆಗುವ ಹೊತ್ತಿಗೆ ಒಂದು ಮುಂದೆ ಹೋಗುತ್ತದೆ, ಉಳಿದವು ಸೊರಗುತ್ತವೆ. ಗೆದ್ದದ್ದು ದಿನಕ್ಕೆ ಹತ್ತಿರಹತ್ತಿರ 3 ಮಿಲಿಮೀಟರ್ ಬೆಳೆದು, ಸಾಮಾನ್ಯವಾಗಿ 40-45 ಮಿಲಿಮೀಟರ್ ಆದಾಗ ಒಡೆಯುತ್ತದೆ. ಹೆಂಗಸರಲ್ಲಿ ಇದರ ಅರ್ಧದಷ್ಟಕ್ಕೇ ಒಡೆಯುತ್ತದೆ. ಇನ್ನೊಂದು ವಿಶೇಷ ಇದೆ. ಬೇರೆ ಪ್ರಾಣಿಗಳಲ್ಲಿ ಮೊಟ್ಟೆ ಅಂಡಾಶಯದ ಮೈಮೇಲೆ ಎಲ್ಲಿಂದ ಬೇಕಾದರೂ ಹೊರಬರಬಹುದು. ಕುದುರೆಯ ಅಂಡಾಶಯದಲ್ಲಿ ಒಳಹೊರಗು ತಿರುವುಮುರುವು. ಮೊಟ್ಟೆ ಇರುವ ಭಾಗ ಒಳಗಿದೆ, ಹೊರಬರಲು ಇರುವುದು ಒಂದೇ ಒಂದು ತಗ್ಗು.

ಮೊಟ್ಟೆ ಬಿಡುಗಡೆಯಾಗುವುದು ಬೆದೆ ಮುಗಿಯಲು ಒಂದೆರಡು ದಿನ ಇರುವಾಗ. ಅದರ ಆಯುಸ್ಸು ಒಂದು ದಿನವೂ ಇಲ್ಲ. ರೇಸ್ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ನಮ್ಮ ಹಳ್ಳಿಯ ಹಸುಗಳಿಗೆ ಮಾಡಿಸಿದಂತೆ ಇಲ್ಲಿ ಮಾಡಿಸುವಂತಿಲ್ಲ. ಗಂಡು ಕುದುರೆಯನ್ನು ಸರಿಯಾದ ದಿನವೇ ಬಿಡಬೇಕು, ಅಲ್ವಾ? ಅದಕ್ಕೇ ವೈದ್ಯರು ಉದ್ದ ಗ್ಲೌಸ್ ತೊಟ್ಟು, ಗುದದ್ವಾರದ ಮೂಲಕ ಸ್ಕ್ಯಾನ್ ಮಾಡಿ ಫಾಲಿಕಲ್ ಅಳೆಯುತ್ತಾರೆ. 1980ರಲ್ಲಿ ಫ್ರಾನ್ಸಿನ ಸಂಶೋಧಕರು ಈ ವಿಧಾನವನ್ನು ಪ್ರಕಟಿಸಿದರು. ಬೆದೆಯಲ್ಲಿ ಗರ್ಭಕೋಶದ ಒಳಮಡಿಕೆಗಳು ನೀರು ತುಂಬಿ ಉಬ್ಬಿ, ಪರದೆಯ ಮೇಲೆ ಕಿತ್ತಳೆಯನ್ನು ಅಡ್ಡ ಕೊಯ್ದಂತೆ ಕಾಣುತ್ತವೆ. ಫಾಲಿಕಲ್ 35 ಮಿಲಿಮೀಟರ್ ದಾಟಿ ಈ ಉಬ್ಬೂ ಇದ್ದರೆ ಹಾರ್ಮೋನ್ ಇಂಜೆಕ್ಷನ್ ಕೊಡಬಹುದು. ಸಾಮಾನ್ಯವಾಗಿ ಎರಡು ದಿನದೊಳಗೆ ಮೊಟ್ಟೆ ಬಿಡುಗಡೆಯಾಗುತ್ತದೆ.

ಇಲ್ಲಿಂದ ಮುಂದೆ ಭ್ರೂಣವೇ ತನ್ನ ದಾರಿ ಮಾಡಿಕೊಳ್ಳಬೇಕು. ಫಲಿಸದ ಮೊಟ್ಟೆಯನ್ನು ಕುದುರೆಯ ಅಂಡನಾಳ ಮುಂದಕ್ಕೆ ಬಿಡುವುದೇ ಇಲ್ಲ. ಅದು ಅಲ್ಲೇ ಉಳಿದು ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತದೆ. ಫಲಿಸಿದ್ದು ಮಾತ್ರ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನು ಬಿಟ್ಟು ನಾಳವನ್ನು ಸಡಿಲಿಸಿ, ಸುಮಾರು 6ನೇ ದಿನ ಗರ್ಭಕೋಶಕ್ಕೆ ಇಳಿಯುತ್ತದೆ. ಒಳಗೆ ಒಂದು ಜೀವ ಇದೆಯೋ ಇಲ್ಲವೋ ಎಂಬುದನ್ನು ಇಷ್ಟು ಬೇಗ ಗುರುತಿಸುವ ಈ ಏರ್ಪಾಡು ನನಗೆ ಎಷ್ಟು ಸಲ ಓದಿದರೂ ಬೆರಗು.

ಗರ್ಭಕೋಶಕ್ಕೆ ಬಂದರೂ ಕೆಲಸ ಮುಗಿಯಲಿಲ್ಲ. ಗಬ್ಬ ನಿಂತಿದೆ ಎಂದು ತಾಯಿಯ ದೇಹಕ್ಕೆ ಗೊತ್ತಾಗದಿದ್ದರೆ ಎರಡು ವಾರದ ಹೊತ್ತಿಗೆ ಮತ್ತೆ ಬೆದೆಯ ತಯಾರಿ ಶುರು. ಹಸುವಿನ ಭ್ರೂಣ ಈ ಹೊತ್ತಿಗೆ ದಾರದಂತೆ ಉದ್ದವಾಗಿ ಗರ್ಭಕೋಶವನ್ನು ಸವರಿಕೊಂಡು ಸಂದೇಶ ಕೊಡುತ್ತದೆ. ಕುದುರೆಯದು ಗಟ್ಟಿ ಪೊರೆಯೊಳಗೆ ಗುಂಡಗೇ ಉಳಿಯುತ್ತದೆ. ಹಾಗಾಗಿ ಅದು ಗರ್ಭಕೋಶದ ಪ್ರತಿ ಭಾಗವನ್ನೂ ಮುಟ್ಟಿ ಬರಬೇಕು. ಅದನ್ನು ಅತ್ತಿತ್ತ ತಳ್ಳುವುದು ಗರ್ಭಕೋಶದ ಸ್ನಾಯುಗಳು. ಗರ್ಭಕೋಶಕ್ಕೆ ಕೊಂಬಿನಂಥ ಎರಡು ಕವಲುಗಳಿವೆ. ಈಗ ಬಲ ಕೊಂಬಿನಲ್ಲಿ ಕಂಡದ್ದು ಸ್ವಲ್ಪ ಹೊತ್ತಿಗೆ ಎಡ ಕೊಂಬಿನಲ್ಲಿ ಇರುತ್ತದೆ. ಸಂಶೋಧಕರು ಭ್ರೂಣವನ್ನು ಗರ್ಭಕೋಶದ ಒಂದೇ ಭಾಗದಲ್ಲಿ ತಡೆದು ನೋಡಿದಾಗ ತಾಯಿಗೆ ಸುದ್ದಿ ಮುಟ್ಟಲಿಲ್ಲ, ಗಬ್ಬ ಉಳಿಯಲಿಲ್ಲ. ಆ ಸಂದೇಶದ ರಾಸಾಯನಿಕ ಯಾವುದೆಂದು ವಿಜ್ಞಾನ ಇನ್ನೂ ಹುಡುಕುತ್ತಿದೆ. 16ನೇ ದಿನದ ಸುಮಾರಿಗೆ ಭ್ರೂಣ ಒಂದು ಕೊಂಬಿನ ಬುಡದಲ್ಲಿ ನಿಲ್ಲುತ್ತದೆ.

ನಿಲ್ಲುವ ಮೊದಲೇ, 14-15ನೇ ದಿನ, ವೈದ್ಯರು ಅವಳಿ ಇದೆಯೇ ಎಂದು ನೋಡುತ್ತಾರೆ. ಥರೋಬ್ರೆಡ್‌ಗಳಲ್ಲಿ ಎರಡು ಮೊಟ್ಟೆ ಬಿಡುಗಡೆಯಾಗುವುದು ಅಪರೂಪವಲ್ಲ, ಆದರೆ ಎರಡು ಮರಿಗಳನ್ನು ಸಾಕುವಷ್ಟು ಜಾಗ ಆ ಗರ್ಭಕೋಶದಲ್ಲಿಲ್ಲ. ಬಿಟ್ಟರೆ ಹೆಚ್ಚಿನ ಸಲ ಎರಡೂ ಹೋಗುತ್ತವೆ, ತಾಯಿಯ ಜೀವಕ್ಕೂ ಅಪಾಯ. ಅದಕ್ಕೇ ಒಂದನ್ನು ಕೈಯಿಂದಲೇ ಒತ್ತಿ ಒಡೆಯುತ್ತಾರೆ. ಕೇಳಲು ಕಠಿಣ. ಆದರೂ ಇದೇ ಸರಿ ಎಂದು ನನಗೆ ಅನಿಸುತ್ತದೆ.

24-25ನೇ ದಿನಕ್ಕೆ ಹೃದಯದ ಮಿಡಿತ ಕಾಣುತ್ತದೆ. 36ನೇ ದಿನದ ಸುಮಾರಿಗೆ ಭ್ರೂಣದ ಹೊರಪೊರೆಯ ಕೆಲವು ಕೋಶಗಳು ತಾಯಿಯ ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಬಟ್ಟಲಿನ ಆಕಾರದ ಗಂಟುಗಳಾಗುತ್ತವೆ. ಅವು ಸುರಿಸುವ ಹಾರ್ಮೋನನ್ನು ಕೋಲ್ ಮತ್ತು ಹಾರ್ಟ್ ಎಂಬ ಸಂಶೋಧಕರು 1930ರಲ್ಲಿ ಗಬ್ಬದ ಕುದುರೆಯ ರಕ್ತದಲ್ಲಿ ಕಂಡುಹಿಡಿದರು. ಇದು ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಎಂಬ ಗಬ್ಬ ಉಳಿಸುವ ಹಾರ್ಮೋನ್ ಸುರಿಸುವ ಹೆಚ್ಚುವರಿ ಗಂಟುಗಳನ್ನು ಎಬ್ಬಿಸಿ ಗಬ್ಬವನ್ನು ಕಾಯುತ್ತದೆ. ಬೇರೆ ಸಾಕುಪ್ರಾಣಿಗಳನ್ನು ಬೆದೆಗೆ ತರಲೂ ಇದನ್ನು ಬಳಸುತ್ತಾರೆ. ಅದಕ್ಕಾಗಿ ಕೆಲವು ದೇಶಗಳಲ್ಲಿ ಗಬ್ಬದ ಕುದುರೆಗಳಿಂದ ಪದೇಪದೇ ರಕ್ತ ತೆಗೆಯುವುದನ್ನು ನಾನು ಒಪ್ಪಲಾರೆ.

ತಾಯಿಯ ಬಿಳಿ ರಕ್ತಕಣಗಳು ಈ ಕೋಶಗಳನ್ನು ಪರಕೀಯವೆಂದೇ ಗುರುತಿಸಿ ಮುತ್ತುತ್ತವೆ. 120ನೇ ದಿನದ ಹೊತ್ತಿಗೆ ಬಟ್ಟಲುಗಳು ಕಳಚಿ ಬೀಳುತ್ತವೆ. ಅಲ್ಲಿಯವರೆಗೆ, ಒಳಗಿನ ಮರಿ ಸತ್ತರೂ ಅವು ಹಾರ್ಮೋನ್ ಸುರಿಸುತ್ತಲೇ ಇರುತ್ತವೆ. ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ, ಆ ವರ್ಷದ ಅವಕಾಶ ಕೈತಪ್ಪುತ್ತದೆ. ಅದಕ್ಕೇ ಅನುಭವಿ ವೈದ್ಯರು 35ನೇ ದಿನದೊಳಗೆ ಇನ್ನೊಂದು ಸ್ಕ್ಯಾನಿಂಗ್ ಮಾಡಿಸದೆ ಬಿಡುವುದಿಲ್ಲ.